ಮಲಗಿಸಿಟ್ಟ ಕಂಪ್ಯೂಟರ್

ನಮ್ಮ ಮಾವನವರ ಹೆಬ್ಬೆರಳುಗಳ ತುದಿ ಕನ್ನಡಿಯಷ್ಟು ನುಣುಪಾಗಿತ್ತು. ಗೆರೆಗಳೇ ಇರಲಿಲ್ಲ. ಜೀವಮಾನವಿಡೀ ಹತ್ತಿಯ ಎಳೆ ಜಗ್ಗಿ ನೋಡಿ ಸವೆದ ಬೆರಳುಗಳು ಅವು. ವ್ಯಾಪಾರ ಬಿಟ್ಟು ಮನೆಯಲ್ಲಿ ಕುಳಿತ ಮೇಲೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಟಿ.ವಿ. ನೋಡುವಾಗ, ಯಾರಾದರೂ ಮಾತಿಗೆ ಬಂದು ಕುಳಿತಾಗ, ಇಲ್ಲದ ಎಳೆಯೊಂದನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಜಗ್ಗುತ್ತಿದ್ದರು. ಎಳೆ ಹರಿದಾಗ ಆಗುವಂತೆ ಕೈಗಳು ಒಮ್ಮೆಲೇ ಬೇರೆಯಾಗುತ್ತಿದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅದನ್ನೇ ನೋಡುತ್ತ ಕೂತುಬಿಡುತ್ತಿದ್ದೆ.

ಪೇಟೆಯಲ್ಲಿ ಅವರು ಹತ್ತಿ ಕೊಳ್ಳುವ ರೀತಿ ಎಲ್ಲರಿಗೂ ಗೊತ್ತಿತ್ತಂತೆ. ಹತ್ತಿ ತುಂಬಿದ ದೊಡ್ಡ ಚೀಲ, ಅಂದರೆ ಅಂಡಿಗೆ, ಅದರ ಮೇಲಿನ ಹತ್ತಿಯನ್ನು ಮುಟ್ಟುತ್ತಲೇ ಇರಲಿಲ್ಲ. ಅಂಗಿಯ ತೋಳು ಏರಿಸಿ, ಮೊಳಕೈಯವರೆಗೆ ಒಳಗೆ ತುರುಕಿ, ನಡುವಿನಿಂದ ಒಂದು ಹಿಡಿ ಕಿತ್ತು ತರುತ್ತಿದ್ದರು.

"ಮ್ಯಾಲಿನ ಹತ್ತಿ ಎಲ್ಲಾರದೂ ಛಲೋನ ಇರತೈತವಾ," ಎನ್ನುತ್ತಿದ್ದರು ನನಗೆ. "ನಿನ್ನ ನೋಡಾಕ ಬಂದಾಗ ನಿಮ್ಮ ಮನೀ ಪಡಸಾಲಿ ಯಾರ ನೋಡಿದ್ರು? ನೀರ ಬೇಕಂತ ಹೇಳಿ ಹಿತ್ತಲಕ್ಕ ಹೋಗಿ ಬಂದೇನಿ ನಾ."

ಅತ್ತೆ ಒಳಗಿನಿಂದಲೇ ಉತ್ತರ ಕೊಡುತ್ತಿದ್ದರು. "ನನ್ನ ನೋಡಾಕ ಬಂದಾಗ ಮಾತ್ರ ಬರೇ ಉಪ್ಪಿಟ್ಟು ನೋಡ್ಕೊಂಡ ಹೋಗಿದ್ರಿ."

ನಮ್ಮ ಮನೆ ಗೋಕುಲ ರಸ್ತೆಯ ಹಿಂದಿನ ಬಡಾವಣೆಯಲ್ಲಿ. ನನ್ನ ಯಜಮಾನರ ಮೋಟಾರು ರಿಪೇರಿ ಅಂಗಡಿಯಲ್ಲಿ ಹಳತಾಗಿದ್ದ ಕಂಪ್ಯೂಟರ್ ಒಂದು ಮನೆಗೆ ಬಂದಿತ್ತು. ಅತ್ತೆ ಅದರಲ್ಲಿ ಇಸ್ಪೀಟು ಆಡುವುದನ್ನು ಕಲಿತರು. ಸಂಜೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ಒಂದಾಟಕ್ಕೆ ಕುಳಿತುಕೊಳ್ಳುವರು. ಕರೆಂಟು ಹೋಗುವ ಊರು; ಆಟ ಕೆಡಬಾರದೆಂದು ಯಜಮಾನರು ಅವರಿಗೊಂದು ಉಪಾಯ ಕಲಿಸಿದ್ದರು. ಕಂಪ್ಯೂಟರನ್ನು ಬಂದ್ ಮಾಡುವ ಬದಲು ಮಲಗಿಸುವುದು. ತೆರೆದದ್ದೆಲ್ಲ ತೆರೆದ ಹಾಗೆಯೇ ಡಿಸ್ಕಿನೊಳಗೆ ಅಡಗಿಕೊಳ್ಳುತ್ತದೆ. ಎಬ್ಬಿಸಿದರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. "ತಡಿರಿ, ಮಲಗಿಸಿ ಬರ್ತೇನಿ" ಎಂದು ಅತ್ತೆ ಹೇಳಿದರೆ ಬಂದವರು ಮನೆಯಲ್ಲಿ ಕೂಸಿದೆ ಎಂದುಕೊಳ್ಳುತ್ತಿದ್ದರು.

ಒಂದು ಸಂಜೆ ಅತ್ತೆ ಕೋಣೆಯಿಂದ ಕೂಗಿದರು. "ಏನ್ರೀ, ಒಂದೀಟ ಬರ್ರಿ ಇಲ್ಲೆ. ನಿಮಗೊಂದು ತೋರಸ್ತೇನಿ."

ಮಾವನವರ ಮುಂದೆ ನಾನು ಆಗತಾನೇ ಬಿಸಿ ಮಿರ್ಚಿ ಭಜಿಯ ತಾಟು ಇಟ್ಟಿದ್ದೆ. "ನಾಳೆ ನೋಡೂಣಂತ ತಗೋ," ಎಂದರು.

"ಆತು, ಹಂಗ ಇಟ್ಟಿರ್ತೇನಿ," ಎಂದರು ಅತ್ತೆ. ಮಲಗಿಸಿ ಬಂದು ತಾವೂ ಒಂದು ಮಿರ್ಚಿ ತಿಂದರು. ಬೆಳಿಗ್ಗೆ ಅವರು ಏಳಲಿಲ್ಲ. ಹೃದಯ ನಿಂತುಹೋಗಿತ್ತು.

ಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಮಾವನವರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರು ಅಲ್ಲಿಗೆ ಬರುವವರಲ್ಲ.

"ಅಕಿ ಏನ ತೋರಸಾಕ ಕರದಿದ್ಲು, ನಿನಗೇನರ ಗೊತ್ತೈತೇನವಾ?"

ನನಗೆ ಗೊತ್ತಿರಲಿಲ್ಲ. ಎಬ್ಬಿಸಿ ನೋಡಿದರಾಯಿತು ಎಂದು ಯಜಮಾನರು ಗುಂಡಿ ಒತ್ತಲು ಹೋದರು. ಮಾವನವರು ಕೈ ಹಿಡಿದರು. ಆ ಕಂಪ್ಯೂಟರಿನ ಡಿಸ್ಕು ಅತ್ತೆ ಇದ್ದಾಗಲೇ ಹಲ್ಲಿ ಲೊಚಗುಟ್ಟಿದಂತೆ ಸಪ್ಪಳ ಮಾಡುತ್ತಿದ್ದುದು ಅವರ ಕಿವಿಗೆ ಬಿದ್ದಿತ್ತು. ಕಂಪ್ಯೂಟರ್ ರಿಪೇರಿಯವರನ್ನು ಕರೆಸಿದೆವು. ಅವರು ಮಾವನವರಿಗೆ ಸುತ್ತುಬಳಸದೆ ಹೇಳಿದರು: "ಎಬ್ಬಿಸೂ ಮುಂದ ಡಿಸ್ಕು ಕೈಕೊಟ್ಟರ ಒಳಗಿಂದು ಹೋದಂಗ ರೀ ಯಜಮಾನರ. ಮಲಗಿಸಿದ್ದು ಏಳೂದು ಒಂದ ಸಲ. ಮದಲ ಪೂರಾ ಡಿಸ್ಕಿಂದು ಇಮೇಜ್ ತಗೀರಿ, ಆಮ್ಯಾಲ ಎಬ್ಬಸ್ರಿ."

ಫೈಲು ನಕಲು ಮಾಡುವುದಕ್ಕೂ ಇಮೇಜ್ ತೆಗೆಯುವುದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಅಂದೇ. ಫೈಲು ನಕಲೆಂದರೆ ಮನೆಯ ಸಾಮಾನನ್ನು ಗಂಟು ಕಟ್ಟಿ ಒಯ್ದಂತೆ. ಇಮೇಜ್ ಎಂದರೆ ಮನೆಯನ್ನೇ ಎತ್ತಿ ಒಯ್ದಂತೆ: ಯಾವ ಗೂಟಕ್ಕೆ ಯಾವ ಸೀರೆ, ಯಾವ ಒಲೆಯ ಮೇಲೆ ಎಷ್ಟು ಕಾದ ಹಾಲು, ಎಲ್ಲ ಸಮೇತ. ಅದನ್ನು ತೆಗೆಯುವ ಸಾಫ್ಟ್‌ವೇರುಗಳು ಹತ್ತಾರು. ರಿಪೇರಿಯವರು ಒಂದರ ಹೆಸರು ಹೇಳಿ, "ಎಲ್ಲಾರೂ ಇದನ್ನ ಹಾಕ್ತಾರ್ರಿ," ಎಂದರು.

"ಎಲ್ಲಾರೂ ನೋಡೂದು ಮ್ಯಾಲಿನ ಹತ್ತಿ," ಎಂದರು ಮಾವನವರು. ಆಮೇಲೆ, ಇಂಗ್ಲಿಷ್ ಓದಬಲ್ಲವಳೆಂದು ನನ್ನನ್ನು ಟೀಚರಮ್ಮನೆಂದು ಛೇಡಿಸುತ್ತ, ನನ್ನ ಕಡೆ ತಿರುಗಿದರು. "ಕಾನ್ವೆಂಟ್ ಅಕ್ಕಾರ, ನೀವು ಓದಿ ಹೇಳೂದು, ನಾ ಕೈ ಹಾಕಿ ನೋಡೂದು."

ಯಜಮಾನರು ಅಂಗಡಿಯಿಂದ ಇನ್ನೊಂದು ಹಳೆಯ ಕಂಪ್ಯೂಟರ್ ತಂದುಕೊಟ್ಟರು. ಪರೀಕ್ಷೆಯೆಲ್ಲ ಅದರ ಮೇಲೆ. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ನಾನು ಅದರಲ್ಲಿ ಒಂದು ಪುಟ ತೆರೆದು "ಇವತ್ತು ಪುಂಡಿಪಲ್ಯ" ಎಂದು ಬರೆದು, ಉಳಿಸದೆ, ಹಾಗೆಯೇ ಮಲಗಿಸುತ್ತಿದ್ದೆ. ಇಮೇಜ್ ತೆಗೆದು ಬೇರೆ ಡಿಸ್ಕಿಗೆ ಇಳಿಸಿ, ಅದನ್ನು ಜೋಡಿಸಿ ಎಬ್ಬಿಸಬೇಕು. ಪುಂಡಿಪಲ್ಯ ತೆರೆಯ ಮೇಲೆ ಇದ್ದರೆ ಆ ಸಾಫ್ಟ್‌ವೇರ್ ಪಾಸು.

ಎಲ್ಲರೂ ಹಾಕುವ ಸಾಫ್ಟ್‌ವೇರು ಲಗೂ ಕೆಲಸ ಮುಗಿಸಿತು. ಯಶಸ್ವಿ ಎಂದು ಹಸಿರು ಗುರುತೂ ತೋರಿಸಿತು. ಎಬ್ಬಿಸಿದರೆ ಕಂಪ್ಯೂಟರು ಹೊಸದಾಗಿ ಶುರುವಾಯಿತು. ಫೈಲುಗಳೆಲ್ಲ ಇದ್ದವು, ಪುಂಡಿಪಲ್ಯ ಇರಲಿಲ್ಲ. ಹುಡುಕಿ ಓದಿದಾಗ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸಿಕ್ಕಿತು. ಮಲಗಿಸಿದ್ದನ್ನು ಕಾದಿಡುವ ನಿದ್ದೆಯ ಫೈಲು ಅನಗತ್ಯವಾದ್ದರಿಂದ ಅದನ್ನು ನಕಲಿನಿಂದ ಕೈಬಿಡಲಾಗುತ್ತದೆ ಎಂದಿತ್ತು. ಮಾವನವರಿಗೆ ಓದಿ ಹೇಳಿದೆ. ಪರೀಕ್ಷೆ ಮಾಡದೆ ಅತ್ತೆಯ ಡಿಸ್ಕಿಗೆ ಇದನ್ನೇ ನಂಬಿದ್ದರೆ?

"ಭಾಳ ಶಾಣ್ಯಾ ಐತಿ ಇದು," ಎಂದರು ಮಾವನವರು. "ಬ್ಯಾಡಾದ್ದು ಯಾವದಂತ ತಾನ ಗೊತ್ತು ಮಾಡಿಬಿಟ್ಟೈತಿ. ನನಗ ಶಾಣ್ಯಾ ಬ್ಯಾಡವಾ. ಕಸಾನೂ ಬಿಡಲಾರದಂಗ ಹೊರೂ ಅಂಥಾದ್ದ ನೋಡು."

ಇನ್ನೊಂದು ಸಾಫ್ಟ್‌ವೇರಿಗೆ ಕಂಪ್ಯೂಟರು ಎಚ್ಚರವಿದ್ದರೆ ಮಾತ್ರ ಕೆಲಸ. ಅದನ್ನು ಅವತ್ತೇ ಬಿಟ್ಟೆವು. ಕೊನೆಗೆ ಸಿಕ್ಕಿದ್ದು ನೋಡಲು ಕಳೆಯೇ ಇಲ್ಲದ್ದು: ಕಪ್ಪು ತೆರೆ, ಬಿಳಿ ಅಕ್ಷರ. ಪೆನ್‌ಡ್ರೈವಿನಿಂದ ತಾನೇ ಶುರುವಾಗಿ, ಡಿಸ್ಕಿನ ಖಾಲಿ ಜಾಗವನ್ನೂ ಬಿಡದೆ ಕಣಕಣವಾಗಿ ಓದಿ, ಬರೆದದ್ದನ್ನು ಮತ್ತೆ ಮೂಲದೊಡನೆ ತಾಳೆ ನೋಡುವಂಥದ್ದು. ಇಡೀ ದಿನ ಹಿಡಿಯಿತು. ಯಜಮಾನರು ಸಂಜೆ ಬಂದು, "ಇನ್ನೂ ಮುಗದಿಲ್ಲೇನ್ರೀ ಅಪ್ಪಾ?" ಎಂದು ನಕ್ಕರು.

"ನಮಗೇನ ಗಾಡಿ ತಪ್ಪತೈತೇನಪಾ?" ಎಂದರು ಮಾವನವರು.

ಎಬ್ಬಿಸಿದಾಗ ತೆರೆಯ ಮೇಲೆ ಪುಂಡಿಪಲ್ಯ ಇತ್ತು. ಅವರು ಅದನ್ನೇ ಇನ್ನೂ ಎರಡು ಸಲ ಮಾಡಿಸಿದರು.

ಆಮೇಲೆ ಅತ್ತೆಯ ಡಿಸ್ಕು. ಅದನ್ನು ಓದುವ ಹೊತ್ತು ಮಾವನವರು ಪಕ್ಕದಲ್ಲೇ ಕುಳಿತು, ಹಲ್ಲಿಯ ಸಪ್ಪಳ ಬಂದಾಗಲೆಲ್ಲ ಕೈಯಲ್ಲಿದ್ದ ಕಾಣದ ಎಳೆಯನ್ನು ಹಾಗೆಯೇ ಹಿಡಿದು ನಿಲ್ಲಿಸುತ್ತಿದ್ದರು. ಮುಗಿಯಿತು. ತಾಳೆ ಸರಿಬಂತು. ಹೊಸ ಡಿಸ್ಕು ಜೋಡಿಸಿ ನಾನೇ ಗುಂಡಿ ಒತ್ತಿದೆ.

ತೆರೆಯ ಮೇಲೆ ಹಸಿರು ಹಾಸು. ಇಸ್ಪೀಟಿನ ಆಟ. ಎಲೆಗಳೆಲ್ಲ ಮೇಲೆ ಒಟ್ಟಾಗಿ ಸೇರಿದ್ದವು. ಕೆಳಗೆ ಕೆಂಪು ರಾಜನೊಬ್ಬನೇ ಉಳಿದಿದ್ದ. ಈ ಆಟ ಗೆದ್ದರೆ ಎಲೆಗಳೆಲ್ಲ ಪುಟಿಯುತ್ತ ತೆರೆಯ ತುಂಬ ಉದುರುತ್ತವೆ. ಅತ್ತೆ ಗೆಲ್ಲುತ್ತಿದ್ದುದು ಅಪರೂಪ, ಮಾವನವರು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಆ ಸಂಜೆ ಅತ್ತೆ ಆ ಒಂದು ಎಲೆಯನ್ನು ಹಾಕದೆ, ಗಂಡ ಬಂದ ಮೇಲೆ ಹಾಕೋಣವೆಂದು ಇಟ್ಟಿದ್ದರು.

ತೆರೆಯ ಕೆಳಗೆ ಅಂಕಿಗಳು ಓಡುತ್ತಿದ್ದವು. "ಇದೇನು ಹೊಂಟೈತಿ?" ಎಂದರು ಮಾವನವರು.

"ಆಟದ ಗಡಿಯಾರ ರೀ ಮಾವಾರ. ಅತ್ತಿಯಾರು ಬಿಟ್ಟಲ್ಲಿಂದ ಮುಂದ ನಡದೈತಿ."

ಅವರು ಅಂಗೈಯನ್ನು ತೆರೆಯ ಮೇಲೆ, ಆ ಅಂಕಿಗಳ ಮೇಲೆ ಇಟ್ಟರು.

"ಹಾಕಿಬಿಡ್ರಿ ಅಪ್ಪಾ," ಎಂದರು ಯಜಮಾನರು. "ನಕಲು ಐತೆಲ್ಲ. ಬೇಕಾದಷ್ಟು ಸಲ ಹಾಕಬಹುದು."

"ಅಕಿ ಒಂದ ಸಲ ಕರದಿದ್ಲು," ಎಂದರು ಮಾವನವರು. "ಮಲಗಸವಾ."

ಅಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ಅವರು ಆ ಕೋಣೆಗೆ ಹೋಗುವರು. ಎಬ್ಬಿಸಿ, ಕೈಕಟ್ಟಿಕೊಂಡು ಸ್ವಲ್ಪ ಹೊತ್ತು ಕೂರುವರು, ಮತ್ತೆ ಮಲಗಿಸುವರು. ಎಲೆ ಮುಟ್ಟುತ್ತಿರಲಿಲ್ಲ. ಅವರು ಕುಳಿತಷ್ಟು ಹೊತ್ತೂ ಅತ್ತೆಯ ಗಡಿಯಾರಕ್ಕೆ ಸೇರುತ್ತ ಹೋಯಿತು. ಬಾಗಿಲ ಸಂದಿನಿಂದ ಬರುವ ಹಸಿರು ಬೆಳಕು ಪಡಸಾಲೆಯ ನೆಲದ ಮೇಲೆ ಬೀಳುತ್ತಿತ್ತು. ನಾನು ಅದನ್ನು ತುಳಿಯದೆ ದಾಟುತ್ತಿದ್ದೆ. ಯಾಕೆಂದು ಕೇಳಿದರೆ ಹೇಳಲಾರೆ.

ಕಳೆದ ಚಳಿಗಾಲದಲ್ಲಿ ಅವರು ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದರು. ನಾನು ಗಂಜಿ ಕುಡಿಸುತ್ತಿದ್ದಾಗ ಚಮಚ ಸರಿಸಿ ಹೇಳಿದರು: "ನಾ ಹ್ವಾದ ಮ್ಯಾಲ ಆ ಎಲಿ ಹಾಕಿಬಿಡವಾ. ಈಗ ಹಾಕಿದ್ರ ನಾ ಒಬ್ಬನ ನೋಡಬೇಕಾಗತೈತಿ."

"ಹಂಗ್ಯಾಕ ಮಾತಾಡ್ತೀರಿ ಮಾವಾರ," ಎಂದೆ.

"ಕಾನ್ವೆಂಟ್ ಅಕ್ಕಾರು ಹೇಳಿದ್ದ ಕೇಳಬೇಕು," ಎಂದು ನಕ್ಕು ಕೆಮ್ಮಿದರು. ಮನೆಗೆ ಅವರು ಜೀವಂತ ಮರಳಲಿಲ್ಲ.

ಎಲ್ಲ ವಿಧಿಗಳೂ ಮುಗಿದ ಮೇಲಿನ ಸೋಮವಾರ ನಾನು ದೀಪ ಹಚ್ಚಿ ಆ ಕೋಣೆಗೆ ಹೋದೆ. ಎಬ್ಬಿಸಿದೆ. ಅಂಕಿಗಳು ಓಡತೊಡಗಿದವು. ಕೆಂಪು ರಾಜನನ್ನು ಹಿಡಿದು ಮೇಲಕ್ಕೆ ಎಳೆದೆ, ಬಿಡುವ ಮುನ್ನ ಒಂದು ಗಳಿಗೆ ತಡೆದೆ. ಬೆನ್ನ ಹಿಂದೆ ಯಾರೋ ಬಂದು ನಿಂತಾಗ ಆಗುವಂತೆ ಕುತ್ತಿಗೆಯ ಹತ್ತಿರ ಗಾಳಿ ಬದಲಾಯಿತು. ತಿರುಗಿ ನೋಡಲಿಲ್ಲ. ಎಲೆ ಬಿಟ್ಟೆ.

ಮೊದಲನೆಯ ಎಲೆ ಪುಟಿದದ್ದು ಮಾತ್ರ ಕಂಡೆ. ಅಲ್ಲಿ ಕೂರುವುದು ಸರಿಯಲ್ಲ ಎನಿಸಿತು. ಕುರ್ಚಿ ಬಿಟ್ಟುಕೊಟ್ಟು ಎದ್ದೆ, ತಲೆ ತಗ್ಗಿಸಿ ಹೊರಗೆ ಬಂದು, ಗಂಡಹೆಂಡಿರು ಮಾತಾಡುವ ಕೋಣೆಯ ಬಾಗಿಲನ್ನು ಎಳೆಯುವಂತೆ ಸಪ್ಪಳವಾಗದ ಹಾಗೆ ಎಳೆದೆ.