ಬುಲ್‌ಬುಲ್ ಹೆಚ್ಚೋ, ದಾಳಿಂಬೆ ಹೆಚ್ಚೋ

ಬೆಳಿಗ್ಗೆ ಎಂಟೂ ಇಪ್ಪತ್ತು. ದಾಳಿಂಬೆ ಸುಲಿದ ಒಗರು ವಾಸನೆ ಇಂದಿಗೂ ಮೂಗಿಗೆ ಬಡಿದರೆ ವಳಸಂಗದ ನಮ್ಮ ಮನೆಯ ಪಡಸಾಲೆಯ ಗಡಿಯಾರವೇ ಕಣ್ಣೆದುರು ಬರುತ್ತದೆ. ಅಂಗಳದಲ್ಲಿ ಒಂದೇ ದಾಳಿಂಬೆ ಗಿಡ, ಅದಕ್ಕೊಂದು ಜೋಡಿ ಬುಲ್‌ಬುಲ್. ಎರಡರಲ್ಲಿ ಯಾವುದು ಹೆಚ್ಚೆಂದು ಅಜ್ಜಿ ಮತ್ತು ಕಾಕಾ ವರ್ಷಗಟ್ಟಲೆ ಕಚ್ಚಾಡಿದರು; ಕೇಳಿ ಕೇಳಿ ನಮಗೆ ತಲೆ ಚಿಟ್ಟು ಹಿಡಿದಿತ್ತು.

"ಗಿಡ ಕೊಡ್ತೈತಿ, ಹಕ್ಕಿ ಕದೀತೈತಿ. ಇದರಾಗ ತೂಗೋದೇನೈತಿ ಯವ್ವಾ?" ಎನ್ನುತ್ತಿದ್ದ ಕಾಕಾ.

"ಹಣ್ಣಾಗೇತಂತ ನಿನಗ್ಯಾರು ಹೇಳ್ತಾರೋ ಶಾಣ್ಯಾ? ನೀ ಹತ್ತಿ ಕುಕ್ಕಿ ನೋಡ್ತಿಯೇನು?" ಎಂದು ಅಜ್ಜಿ. ಗಿಡದ ಹೂವಿನ ಕೆಂಪೂ ಹಕ್ಕಿಯ ಬಾಲದಡಿಯ ಕೆಂಪೂ ಒಂದೇ ಎಂಬುದು ಮಾತ್ರ ಇಬ್ಬರಿಗೂ ಕಾಣಲಿಲ್ಲ. ಹಕ್ಕಿ ಕುಕ್ಕಿದ ಹಣ್ಣೇ ಸಿಹಿ ಎಂಬುದು ಅಜ್ಜಿಯ ಕಾಯಿದೆ. ಕುಕ್ಕಿದ ಭಾಗ ಕತ್ತರಿಸಿ ಒಗೆದು ಉಳಿದದ್ದನ್ನು ನಮಗೆ ಕೊಡುತ್ತಿದ್ದಳು.

ಅಂದು ಕಾಕಾ, ಹಕ್ಕಿ ಸಾಯಲೆಂದು, ಕುಕ್ಕಿದ ಹಣ್ಣುಗಳಿಗೆ ಬೆಳೆಗೆ ಹೊಡೆಯುವ ವಿಷ ಸವರಿ ಬಚ್ಚಲಿಗೆ ಕೈ ತೊಳೆಯಲು ಹೋದ. ಹಣ್ಣು ಮುಟ್ಟಬೇಡಿರೆಂದು ಅಲ್ಲಿಂದಲೇ ಕೂಗಿ ಹೇಳಬಹುದಿತ್ತು. ಆದರೆ ಅಜ್ಜಿ ಅಂಗಳದಿಂದ, "ಬುಲ್‌ಬುಲ್ ಎಷ್ಟ್ ಚಂದ ಹಾಡ್ತೈತಿ ನೋಡೋ" ಅಂದದ್ದೇ ತಡ, ಅವನು ಬಚ್ಚಲೊಳಗಿಂದಲೇ ವಾದಕ್ಕಿಳಿದ. ವಾದಿಸುತ್ತಲೇ ಅಜ್ಜಿ ಹಣ್ಣು ಹರಿದಳು, ಕತ್ತರಿಸಿದಳು. ಐದು ವರ್ಷದ ನನ್ನ ತಂಗಿ ಕಮಲಿ ಬೊಗಸೆ ತುಂಬ ತಿಂದಳು. ಸಾಲಿಯ ಚೀಲ ಹೆಗಲಿಗೇರಿಸಿಕೊಂಡು ನಾನು ನೋಡುತ್ತ ನಿಂತಿದ್ದೆ; ಗಡಿಯಾರದಲ್ಲಿ ಎಂಟೂ ಇಪ್ಪತ್ತು. ಹೊರಬಂದ ಕಾಕಾ ಸಿಪ್ಪೆ ಕಂಡು ಅರ್ಧ ಮಾತಿಗೇ ನಿಂತ. ಅವನ ಆ ಮುಖವನ್ನು ನಾನು ಇನ್ನೂ ನೋಡುತ್ತಲೇ ಇದ್ದೇನೆ.

ಅವ್ವನನ್ನು ಹಿಂದೆ ಕೂರಿಸಿ, ಕಮಲಿಯನ್ನು ಅವಳ ತೊಡೆಗೆ ಹಾಕಿ ಕಾಕಾ ಮೋಟಾರ್ ಸೈಕಲ್ ಮೇಲೆ ಜತ್ತಿನ ಆಸ್ಪತ್ರೆಗೆ ಹಾರಿದ. ಹಿಂದಿನಿಂದ ಟೆಂಪೋದಲ್ಲಿ ಅಜ್ಜಿ, ನಾನು. ಮರುದಿನವೂ ಕಮಲಿ ಕಣ್ಣು ಬಿಟ್ಟಿರಲಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಅಜ್ಜಿ, ಕಾಕಾ ಇಬ್ಬರೂ ಮತ್ತೆ ಶುರು ಮಾಡಿದರು: ಹಕ್ಕಿ ಬರದಿದ್ದರೆ, ಗಿಡ ಇರದಿದ್ದರೆ!

ಅವ್ವ ಎದ್ದು ಬಂದಳು. "ಹಕ್ಕಿಗೂ ಗಿಡಕ್ಕೂ ಬಾಯಿಲ್ಲ. ನಿಮಗ ಇತ್ತಲ್ರಿ. ದಿನಾ ಇಷ್ಟ್ ಮಾತಾಡ್ತೀರಿ, ಹೇಳಬೇಕಾದ್ದೊಂದ ಮಾತು ಹೇಳಾಕ ಆಗಲಿಲ್ಲೇನ್ರಿ?"

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಆ ವಾದ ಯಾರೂ ಎತ್ತಲಿಲ್ಲ. ಈಗ ಅಜ್ಜಿಯೂ ಇಲ್ಲ, ವಳಸಂಗದ ಆ ಪಡಸಾಲೆಯೂ ಇಲ್ಲ. ಬೈದುಕೊಳ್ಳಬೇಕೆಂದರೂ ಎದುರಿಗೆ ಯಾರೂ ಇಲ್ಲ.

ಆಸ್ಪತ್ರೆ ಸೇರಿದ ಐದನೆಯ ದಿನ, ಶುಕ್ರವಾರ, ಕಮಲಿ ಚೇತರಿಸಿಕೊಂಡು ಮನೆಗೆ ಬಂದಿದ್ದಳು. ನಾಲ್ಕು ತುತ್ತು ಅನ್ನ ಉಂಡು ಕಾಕಾನ ತೊಡೆಯ ಮೇಲೆಯೇ ಮಲಗಿದಳು. ಕಾಲು ಜೋಮು ಹಿಡಿದರೂ ಅವನು ಅಲುಗಾಡದೆ ಗೋಡೆಗೊರಗಿ ನಿದ್ದೆ ಹೋದ. ನಾವೆಲ್ಲ ಅವರ ಸುತ್ತ ಚಾಪೆ ಹಾಸಿಕೊಂಡೆವು. ಬೆಳಕು ಹರಿದಾಗ ಅಜ್ಜಿ ಒಬ್ಬಳೇ ಎದ್ದು, ಯಾರನ್ನೂ ಎಬ್ಬಿಸದೆ, ಮಲಗಿದವರ ಮೇಲೆ ಬಿಸಿಲು ಬೀಳದಿರಲೆಂದು ಸಪ್ಪಳಾಗದಂತೆ ಬಾಗಿಲು ಎಳೆದು ಮುಂದೆ ಮಾಡಿದಳು.