ಮಾಳವ್ವನ ಪಹರೆ

ಅಗ್ನಿಪಥ ಯೋಜನೆ ಬಂದ ಮರುವರ್ಷ, ಅಂದರೆ 2023ರ ಹೊತ್ತಿಗೆ, ನಾನು ಸೇನೆಯಿಂದ ಸುಬೇದಾರನಾಗಿ ನಿವೃತ್ತನಾಗಿ ರಾಯಚೂರಿನಲ್ಲಿ ನೆಲೆಸಿದ್ದೆ. ಸುಬೇದಾರ ಎಂದರೆ ಪೂರಾ ಆಫೀಸರನೂ ಅಲ್ಲ, ಬರೀ ಸಿಪಾಯಿಯೂ ಅಲ್ಲ. ಇಬ್ಬರ ಬೈಗುಳವನ್ನೂ ತಿಂದು ಇಬ್ಬರ ಕೆಲಸವನ್ನೂ ನಡೆಸುವವನು. ಹುಟ್ಟೂರು ಮಾನ್ವಿ ತಾಲ್ಲೂಕಿನ ಕಲ್ಲೂರು. ಮನೆಯಲ್ಲಿ ಕಾಲು ಚಾಚಿ ಕೂರುವುದು ನನ್ನ ಜಾಯಮಾನವಲ್ಲ, ಕೂತರೂ ಮನೆಯವರು ಬಹಳ ದಿನ ಸಹಿಸುವುದಿಲ್ಲ. ಹಾಗಾಗಿ ರಾಯಚೂರಿನ ಹೊರಗಿನ ಒಂದು ಮೈದಾನದಲ್ಲಿ ಸೇನೆಗೂ ಪೊಲೀಸಿಗೂ ಸೇರಬಯಸುವವರಿಗೆ ಬೆಳಗಿನ ತರಬೇತಿ ಶುರುಮಾಡಿದ್ದೆ. 1600 ಮೀಟರ್ ಓಟ, ಒಂಬತ್ತಡಿ ಹಳ್ಳದ ಜಿಗಿತ, ಮತ್ತೆ ಬೀಮ್. ಬೀಮ್ ಎಂದರೆ ಅಡ್ಡಕಂಬಕ್ಕೆ ಜೋತುಬಿದ್ದು ಗದ್ದ ಕಂಬದ ಮೇಲೆ ಬರುವಂತೆ ಮೈ ಎತ್ತುವುದು. ದೇವದುರ್ಗ, ಮಾನ್ವಿ ಕಡೆಯ ಹುಡುಗರೇ ಹೆಚ್ಚು.

ದಸರಾ ಮುಗಿದ ವಾರ ಗೇಟಿನ ಹತ್ತಿರ ಒಬ್ಬಳು ಬಂದು ನಿಂತಳು. ಟ್ರ್ಯಾಕ್ ಪ್ಯಾಂಟು, ಮೇಲೆ ಚೂಡಿದಾರದ ಟಾಪು, ಬಿಗಿಯಾಗಿ ಸುತ್ತಿ ಕಟ್ಟಿದ ಜಡೆ. ಎತ್ತರ ನನಗಿಂತ ಒಂದು ಗೇಣು ಹೆಚ್ಚು.

"ಸಾಹೇಬ್ರ, ನನ್ನ ಹೆಸರು ಮಾಳವ್ವ. ಗಬ್ಬೂರಿನಾಕಿ. ಸಾಲಿ ಕಾಗದದಾಗ ಮಾಳಪ್ಪ ಅಂತ ಅದ. ಮಿಲಿಟ್ರಿಗೆ ಸೇರಬೇಕಂತ ಬಂದೀನ್ರಿ" ಎಂದಳು.

ನನಗೆ ಅರ್ಥವಾಯಿತು. ಸರ್ಕಾರಿ ಕನ್ನಡದಲ್ಲಿ ಇವರಿಗೆ ಲಿಂಗತ್ವ ಅಲ್ಪಸಂಖ್ಯಾತರು ಎನ್ನುತ್ತಾರೆ. ನಮ್ಮ ಕಡೆ ಇರುವ ಮಾತುಗಳಲ್ಲಿ ಅರ್ಧಕ್ಕರ್ಧ ಬೈಗುಳವೇ. ನಾನು ಅವಳನ್ನು ಮಾಳವ್ವ ಎಂದೇ ಕರೆದೆ. ಹೆಸರಿದ್ದವರನ್ನು ಹೆಸರು ಹಿಡಿದು ಕರೆದರೆ ಯಾವ ತಂಟೆಯೂ ಇಲ್ಲ.

"ಓಡಾಕ ಬರ್ತದೇನವಾ?" ಎಂದೆ.

"ಹುಟ್ಟಿದಾಗಿಂದ ಕುರಿ ಹಿಂದ ಓಡೀನ್ರಿ."

ಓಡಿಸಿ ನೋಡಿದೆ. ಮೊದಲ ದಿನವೇ ಮುಂಚೂಣಿಯ ಗುಂಪಿನಲ್ಲಿ ಬಂದಳು. ಬೀಮಿನಲ್ಲಂತೂ ನನ್ನ ಹುಡುಗರು ಬಾಯಿ ತೆರೆದು ನಿಂತರು. ರಾಯಚೂರಿನ ಒಂದು ಖಾನಾವಳಿಯಲ್ಲಿ ದಿನಾ ಜೋಳದ ರೊಟ್ಟಿ ಬಡಿಯುವ ತೋಳು ಅದು. ಮನೆಯವರು ಹೊರಗೆ ಹಾಕಿದ ಮೇಲೆ ಅಲ್ಲೇ ಕೆಲಸ, ಅಲ್ಲೇ ವಾಸ.

ಆದರೆ ಒಂದು ತೊಡಕಿತ್ತು, ಅದನ್ನು ಅವತ್ತೇ ಹೇಳಿದೆ. ಸೇನೆಯಲ್ಲಿ ಸಾಮಾನ್ಯ ಸೈನಿಕನ ಹುದ್ದೆ ಗಂಡಸರಿಗೆ, ಮಿಲಿಟರಿ ಪೊಲೀಸಿನ ಕೆಲವು ಹುದ್ದೆ ಹೆಂಗಸರಿಗೆ. ಅವಳಂಥವರಿಗೆ ಬಾಗಿಲೇ ಇಲ್ಲ. ಅಗ್ನಿಪಥದಲ್ಲಿ ನಾಲ್ಕು ವರ್ಷಕ್ಕೆ ಸೇರುವ ಅಗ್ನಿವೀರರ ವಯೋಮಿತಿ ಇಪ್ಪತ್ತೊಂದು. ಅವಳಿಗೆ ಆಗಲೇ ಇಪ್ಪತ್ತು ದಾಟಿತ್ತು, ವಯಸ್ಸಿನ ಲೆಕ್ಕದಲ್ಲಿ ಉಳಿದಿದ್ದು ಬರುವ ಶಿವರಾತ್ರಿ ಸುಮಾರಿನ ಅರ್ಜಿಯೊಂದೇ.

"ಬಾಗಲಾ ತೆಗದ ದಿನ ನನಗ ಓಡಾಕ ಬರದಿದ್ರ ಏನ್ ಮಾಡೋದ್ರಿ? ಮೊದ್ಲು ಕಲಿತಿರ್ತೀನಿ" ಎಂದಳು. ಸೇರಿಸಿಕೊಂಡೆ.

ಸೇರಿಸಿಕೊಂಡ ಮೇಲೆ ನನ್ನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಇಂಥವರನ್ನು ಸೇನೆ ತೆಗೆದುಕೊಳ್ಳಬೇಕೇ, ಬೇಡವೇ? ಅಷ್ಟು ವರ್ಷ ಸಮವಸ್ತ್ರ ತೊಟ್ಟರೂ ಈ ಪ್ರಶ್ನೆ ನನಗೆ ಒಮ್ಮೆಯೂ ಬಂದಿರಲಿಲ್ಲ. ಹಳೆಯ ಗೆಳೆಯರಿಗೆ ಫೋನು ಹಚ್ಚಿದೆ. ಒಬ್ಬ ನಕ್ಕ. ಒಬ್ಬ ಫೋನಿಟ್ಟ. ನಾನು ಬಹಳ ಗೌರವಿಸುವ ಒಬ್ಬ ಹವಾಲ್ದಾರ ಮಾತ್ರ ಗಂಭೀರವಾಗಿ ಎರಡು ಮಾತು ಹೇಳಿದ. ಒಂದು, ಬ್ಯಾರಕ್ಕಿನಲ್ಲಿ ಮಲಗುವುದು, ಸ್ನಾನ ಮಾಡುವುದು ಎಲ್ಲ ಒಟ್ಟಿಗೆ, ಇವರನ್ನು ಎಲ್ಲಿ ಇರಿಸುತ್ತೀ? ಎರಡು, ಹಾರ್ಮೋನು ಮಾತ್ರೆ ತೆಗೆದುಕೊಳ್ಳುವವರಿದ್ದರೆ ಹಿಮದ ಚೌಕಿಗೆ ಅದನ್ನು ಮುಟ್ಟಿಸುವವರು ಯಾರು?

ಎರಡೂ ತಳ್ಳಿಹಾಕುವ ಮಾತಲ್ಲ. ಕುತೂಹಲ ತಡೆಯದೆ ಮಾಳವ್ವನನ್ನೇ ಕೇಳಿಬಿಟ್ಟೆ.

"ನಾ ಇನ್ನೂ ಮಾತ್ರಿ ಚಾಲೂ ಮಾಡಿಲ್ರಿ" ಎಂದಳು. "ಆದ್ರ ನಿಮಗ ಬಿಪಿ ಅದ ಅಂತಿದ್ರಿ. ಗುಡ್ಡದ ಮ್ಯಾಲ ಇದ್ದಾಗ ನಿಮ್ಮ ಗುಳಿಗಿ ಹೆಂಗ ಬರತಿತ್ರಿ?"

"ಹೇಸರಗತ್ತೆ ಮ್ಯಾಲ."

"ಆ ಕತ್ತಿ ನಂದೂ ತರ್ತದ ಬಿಡ್ರಿ."

ನಾನು ಗಹಗಹಿಸಿ ನಕ್ಕೆ. ಸ್ನಾನದ ಪ್ರಶ್ನೆ ಮಾತ್ರ ಅಷ್ಟು ಸುಲಭದ್ದಾಗಿರಲಿಲ್ಲ. "ಮರೆಗೆ ಒಂದು ತಟ್ಟಿ ಕಟ್ಟಿದ್ರ ಆತು ಅನಸ್ತದ್ರಿ, ಆದ್ರ ನಾ ನೋಡಿಲ್ಲ ಆ ಜಾಗ" ಎಂದಳು. ನಾನು ನೋಡಿದ್ದೆ. ಕೆಲವು ಕಡೆ ತಟ್ಟಿ ಕಟ್ಟಬಹುದು, ಕೆಲವು ಕಡೆ ಆಗುವುದಿಲ್ಲ. ಅದನ್ನು ಹಾಗೆಯೇ ಅವಳಿಗೆ ಹೇಳಿದೆ.

ಸೇನೆಯಲ್ಲಿ ಜೋಡಿ ಪದ್ಧತಿ ಎಂದು ಒಂದಿದೆ. ಪ್ರತಿ ಸಿಪಾಯಿಗೂ ಒಬ್ಬ ಜೋಡಿದಾರ, ಇಂಗ್ಲಿಷಿನಲ್ಲಿ ಬಡಿ ಅನ್ನುತ್ತಾರೆ. ಊಟ, ಪಹರೆ, ಗಾಯ, ಎಲ್ಲದಕ್ಕೂ ಒಬ್ಬರಿಗೊಬ್ಬರು ಜವಾಬ್ದಾರರು. ನನ್ನ ಮೈದಾನದಲ್ಲೂ ಅದೇ ಪದ್ಧತಿ. ಮಾಳವ್ವನಿಗೆ ಎತ್ತರ, ತೂಕ ಸರಿಹೊಂದುವವನು ಅಮರೇಶ ಒಬ್ಬನೇ. ಚೀಕಲಪರ್ವಿಯವನು, ಕೂಲಿ ಮಾಡುವ ಮನೆಯ ಮಗ, ಆ ವರ್ಷದ ನನ್ನ ಅತ್ಯುತ್ತಮ ಓಟಗಾರ. ಬಾಯಿ ಸ್ವಲ್ಪ ಉದ್ದ.

"ಸರ, ನನ್ನ ಜೋಡಿ ಬ್ಯಾರೆ ಮಾಡ್ರಿ. ಊರಾಗ ಗೊತ್ತಾದ್ರ ನಗ್ತಾರ" ಎಂದ, ಅವಳಿಗೆ ಕೇಳಿಸುವ ಹಾಗೆಯೇ.

"ಜೋಡಿ ಆರಿಸೋನು ನಾನು. ನಗೋ ಮಂದಿನ್ನ ಇಲ್ಲಿಗೆ ಕಳಿಸು, ಅವರನ್ನೂ ಓಡಿಸ್ತೀನಿ" ಎಂದೆ. ಮಾಳವ್ವ ತಲೆ ತಗ್ಗಿಸಿ ಷೂ ದಾರ ಬಿಗಿದುಕೊಂಡಳು.

ಆ ತಿಂಗಳಲ್ಲೇ ಒಂದು ದಿನ ಗೇಟಿನ ಆಚೆ ಒಬ್ಬ ಹಿರಿಯ ಹೆಗಲ ಮೇಲೆ ಕಂಬಳಿ ಹೊದ್ದು ನಿಂತಿದ್ದ. ಮಾಳವ್ವನ ಅಪ್ಪ ಬೀರಪ್ಪ. ಒಳಗೆ ಬರಲಿಲ್ಲ, ಮಗಳ ಕಡೆ ನೋಡಲೂ ಇಲ್ಲ. ನನ್ನನ್ನು ಕರೆದು ವಿಷಯ ಹೇಳಿದ. ದೇವದುರ್ಗದ ಕಡೆ ಒಬ್ಬ ರೈತನ ಹೊಲದಲ್ಲಿ ಹಟ್ಟಿ ಹಾಕಿದ್ದಾರೆ. ಕುರಿಗಳನ್ನು ಗೊಬ್ಬರಕ್ಕಾಗಿ ಕೆಲವು ದಿನ ಹೊಲದಲ್ಲೇ ಕೂಡಿಹಾಕುವುದಕ್ಕೆ ನಮ್ಮ ಕಡೆ ಹಟ್ಟಿ ಎನ್ನುತ್ತಾರೆ. ಸುತ್ತ ತೋಳದ ಕಾಟ ಹೆಚ್ಚಿದೆ. ಕಾಯಲು ಅವಳು ಬೇಕು.

"ಮನಿಗಿ ಕರ್ಕೊಂಡು ಹೋಗ್ತೀಯೇನು ಹಂಗಾದ್ರ?" ಎಂದೆ.

"ಮನಿಗಿ ಬ್ಯಾಡ್ರಿ ಯಪ್ಪಾ. ಸಣ್ಣಾಕಿ ಮದುವಿ ಮಾಡೋದದ. ಬೀಗರು ಏನಂತಾರ?"

"ಮನಿಯೊಳಗ ಬ್ಯಾಡಾದಾಕಿ ಹಟ್ಟಿಗೆ ಯಾಕ ಬೇಕು?"

ಬೀರಪ್ಪ ಕಂಬಳಿಯನ್ನು ಹೆಗಲ ಮೇಲೆ ಎಳೆದುಕೊಂಡ. "ಮಕ್ಕಳು ನಾಕು ಮಂದಿ ಅದಾರ್ರಿ. ಉಳಿದೋರು ಕಾಯಾಕ ಕುಂತ್ರ ನಾ ಎದ್ದೆದ್ದು ನೋಡ್ತೀನಿ. ಆಂವ... ಆಕಿ ಕುಂತ್ರ ನನಗ ನಿದ್ದಿ ಹತ್ತತದ್ರಿ."

ಮಾಳವ್ವ ಕೇಳಿಸಿಕೊಂಡಿರಬೇಕು. ಅಪ್ಪನ ಹಿಂದೆ ಬಸ್ ಹತ್ತಿದಳು. ಹಟ್ಟಿ ಎತ್ತಿದ ಮೇಲೆ ತಿರುಗಿ ಬಂದಳು. ಮನೆಯ ಹೊಸ್ತಿಲು ತುಳಿದಿರಲಿಲ್ಲ. ನನಗೆ ಆ ಮುದುಕನ ಮೇಲೆ ಸಿಟ್ಟೂ ಬಂತು, ಸಂಕಟವೂ ಆಯಿತು. ಆದರೆ ನಾನು ಗೆಳೆಯರಿಗೆಲ್ಲ ಫೋನು ಹಚ್ಚಿ ಕೇಳಿದ ಪ್ರಶ್ನೆಗೆ ಉತ್ತರದ ಮೊದಲ ಎಳೆ ಸಿಕ್ಕಿದ್ದು ಅವನಿಂದಲೇ.

ಪ್ರತಿ ತಂಡಕ್ಕೂ ನಾನೊಂದು ನಡಿಗೆ ಇಡುತ್ತೇನೆ. ಮಾನ್ವಿಯಿಂದ ತುಂಗಭದ್ರೆಯ ದಂಡೆಯ ಚೀಕಲಪರ್ವಿಗೆ ಬೆನ್ನಿಗೆ ಉಸುಕಿನ ಚೀಲ ಹೊತ್ತು ಹೋಗುವುದು, ನದಿಯ ಹತ್ತಿರ ಬೇವಿನ ಮರಗಳ ಕೆಳಗೆ ಮಧ್ಯಾಹ್ನದ ವಿಶ್ರಾಂತಿ, ಮತ್ತೆ ವಾಪಸು. ವಿಶ್ರಾಂತಿಗೆ ಒಂದು ನಿಯಮ: ಜೋಡಿಯಲ್ಲಿ ಒಬ್ಬರು ಮಲಗಬೇಕು, ಒಬ್ಬರು ಕಾಯಬೇಕು, ಆಮೇಲೆ ಅದಲುಬದಲು. ನಾನು ಕಳ್ಳ. ಯಾರ ಚೀಲ ಕದ್ದೆನೋ ಆ ಜೋಡಿ ಮರುದಿನ ಎರಡು ಪಟ್ಟು ಓಡಬೇಕು. ಈ ಕಳ್ಳತನದಲ್ಲಿ ನನಗೆ ಬಹಳ ಹೆಮ್ಮೆ, ಬರಿಗೈಯಲ್ಲಿ ಬಂದದ್ದೇ ಇಲ್ಲ.

ಮೊದಲ ನಡಿಗೆಯಲ್ಲಿ ಅಮರೇಶ ಕಾಯುವಾಗ ಮಾಳವ್ವ ತಲೆಗೆ ಟವೆಲು ಸುತ್ತಿ ಗಡದ್ದಾಗಿ ನಿದ್ದೆ ಹೊಡೆದಳು. ಅವನ ಸರದಿ ಬಂದಾಗ ಅವನು ಮಲಗಲೇ ಇಲ್ಲ. ಮರಕ್ಕೊರಗಿ, ಚೀಲ ಅಪ್ಪಿಕೊಂಡು, ಕಣ್ಣು ಬಿಟ್ಟುಕೊಂಡೇ ಕೂತ. ವಾಪಸು ಬರುವಾಗ ಅರ್ಧ ದಾರಿಗೆ ಮೀನಖಂಡ ಹಿಡಿದುಕೊಂಡು ಕುಸಿದ. ಆ ವರ್ಷದ ಅತ್ಯುತ್ತಮ ಓಟಗಾರ ದಾರಿ ಬದಿಯಲ್ಲಿ ಕೂತು ಹಲ್ಲು ಕಚ್ಚುತ್ತಿದ್ದ. ಮಾಳವ್ವ ಅವನ ಚೀಲ ತನ್ನ ಎದೆಗೆ ಹಾಕಿಕೊಂಡಳು, ತನ್ನದು ಬೆನ್ನಿಗೆ, ಅವನ ಕೈ ತನ್ನ ಹೆಗಲಿಗೆ. ಇಬ್ಬರೂ ಎಲ್ಲರಿಗಿಂತ ಕೊನೆಗೆ ಮಾನ್ವಿ ಮುಟ್ಟಿದರು.

ಅಲ್ಲಿ ಎಲ್ಲರೆದುರು ಅಮರೇಶನನ್ನು ಕೇಳಿದೆ. "ಯಾಕ ಮಲಗಲಿಲ್ಲ?"

"ನಿದ್ದಿ ಬರಲಿಲ್ರಿ ಸರ."

"ಆಕಿ ಚೀಲ ಬಿಟ್ಟು ಓಡಿ ಹೋಗ್ತಾಳ ಅನ್ಕೊಂಡ್ಯಾ?"

"ಹಂಗಲ್ರಿ..." ಎಂದ.

"ನಾಳೆ ಗಡಿಯೊಳಗ ನಿನ್ನ ಜೋಡಿ ಯಾವ ಊರಾಂವೋ, ಯಾವ ಜಾತಿಯಾಂವೋ, ಏನು ತಿನ್ನಾಂವೋ, ನಿನಗ ಆರಿಸಾಕ ಬರಂಗಿಲ್ಲ. ಒಂದ ಪ್ರಶ್ನಿ ಇರ್ತದ. ಆ ಮನಷ್ಯಾ ಎಚ್ಚರ ಇದ್ದಾಗ ನಾ ಮಲಗಬಹುದೋ ಇಲ್ಲೋ? ಅದಕ್ಕ ಉತ್ತರ ಹುಡುಕ್ಕೊಂಡು ಬಾ" ಎಂದೆ.

ಮುಂದಿನ ವಾರ ಮತ್ತೆ ಅದೇ ನಡಿಗೆ. ಆ ದಿನ ಅಮರೇಶ ಚೀಲವನ್ನು ಅವಳ ಪಕ್ಕಕ್ಕೆ ತಳ್ಳಿ, "ಬೇ, ನೋಡ್ಕೋ" ಎಂದು, ನಮ್ಮ ಕಡೆ ಹೆಣ್ಣುಮಕ್ಕಳನ್ನು ಕರೆಯುವ ಹಾಗೆಯೇ ಕರೆದು, ಮಲಗಿಬಿಟ್ಟ. ಗೊರಕೆ ನನಗೂ ಕೇಳಿಸಿತು. ನಾನು ದಾರಿಯ ಕಡೆಯಿಂದ ಹೋಗದೆ, ದೂರ ಸುತ್ತು ಹಾಕಿ, ನದಿಯ ಉಸುಕಿನ ಮೇಲೆ ಸದ್ದಿಲ್ಲದೆ ಬಂದೆ. ಕಾಯುವವರೆಲ್ಲ ದಾರಿಯತ್ತ ಮುಖ ಮಾಡಿ ಕೂರುತ್ತಾರೆ. ಅಲ್ಲಿಯವರೆಗೆ ನಾನು ಗೆಲ್ಲುತ್ತಿದ್ದದ್ದು ಇದೇ ಗುಟ್ಟಿನಿಂದ. ಮಾಳವ್ವ ದಾರಿಗೆ ಬೆನ್ನು ಹಾಕಿ ನದಿಯನ್ನೇ ನೋಡುತ್ತ ಶೇಂಗಾ ಸುಲಿಯುತ್ತಿದ್ದಳು.

"ಬರ್ರಿ ಸಾಹೇಬ್ರ, ಕುಂದರ್ರಿ. ತೋಳ ದಾರಿ ಹಿಡಿದು ಬರಂಗಿಲ್ರಿ" ಎಂದು ಪಿಸುಗುಟ್ಟಿ ಒಂದು ಹಿಡಿ ಶೇಂಗಾ ಕೊಟ್ಟಳು. ಕದಿಯಲು ಬಂದವನು ಕೂತು ಶೇಂಗಾ ತಿಂದೆ. ಅಮರೇಶ ಮಗ್ಗುಲು ಸಹ ಬದಲಿಸಲಿಲ್ಲ.

ಶಿವರಾತ್ರಿ ಬಂತು, ಅರ್ಜಿಯ ಕಾಲ. ನಾನು ಮಾಳವ್ವನನ್ನು ಒಂದು ಕಡೆ ಕರೆದು ನನಗೆ ತಿಳಿದ ದಾರಿ ಹೇಳಿದೆ. ಕಾಗದದಲ್ಲಿ ಹೆಸರು ಇನ್ನೂ ಮಾಳಪ್ಪ. ಕೂದಲು ಕತ್ತರಿಸು, ಮಾಳಪ್ಪನಾಗಿಯೇ ಅರ್ಜಿ ಹಾಕು. ಓಟ, ಬೀಮ್ ಎಲ್ಲ ನೀರು ಕುಡಿದಷ್ಟು ಸಲೀಸು. ನಾಲ್ಕು ವರ್ಷ ಬಾಯಿಮುಚ್ಚಿಕೊಂಡಿದ್ದರೆ ಸಮವಸ್ತ್ರ ನಿನ್ನದು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ. ಅಷ್ಟು ಒಳ್ಳೆಯ ಸಿಪಾಯಿಯನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಅವಳು ಎರಡು ದಿನ ಬರಲಿಲ್ಲ. ಬಂದಾಗ ಜಡೆ ಇದ್ದ ಹಾಗೇ ಇತ್ತು.

"ಬ್ಯಾಡ್ರಿ ಸಾಹೇಬ್ರ."

"ಯಾಕ? ಹೆದರಿಕೇನು?"

"ನೀವ ಹೇಳೀರಲ್ರಿ, ಜೋಡಿದಾರ ನನ್ನ ನಂಬಿ ಮಲಗಬೇಕಂತ. ನಾ ಯಾರಂತಾನ ಅವಗ ಸುಳ್ಳು ಹೇಳಿದ್ರ, ಆಂವ ಯಾರನ್ನ ನಂಬಿ ಮಲಗ್ತಾನ್ರಿ?" ಎಂದಳು. ಕಣ್ಣು ತುಂಬಿದ್ದವು, ಒರೆಸಿಕೊಳ್ಳಲಿಲ್ಲ. "ಅಮರೇಶಗ ನಾ ಮಾಳವ್ವ ಅಂತ ಗೊತ್ತಿತ್ತು. ಗೊತ್ತಿದ್ದೂ ಮಲಗಿದ. ಮಾಳಪ್ಪ ಆಗಿ ಹೋದ್ರ ಅಂಥಾ ನಿದ್ದಿ ಯಾರಿಗೂ ಕೊಡಾಕ ಆಗಂಗಿಲ್ಲ ನನಗ."

ನಾನು ಹೇಳಿಕೊಟ್ಟ ಪಾಠವನ್ನು ನನಗೇ ಒಪ್ಪಿಸಿದ್ದಳು. ಆ ವರ್ಷ ನನ್ನ ಮೈದಾನದಿಂದ ಅರ್ಜಿ ಹೋದವು, ಅವಳದು ಹೋಗಲಿಲ್ಲ. ಅಮರೇಶ ಆಯ್ಕೆಯಾದ. ರೈಲು ನಿಲ್ದಾಣಕ್ಕೆ ಅವನ ಟ್ರಂಕು ಹೊತ್ತು ತಂದವಳು ಮಾಳವ್ವ. ರೈಲು ಹೊರಟ ಮೇಲೂ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತೇ ಇದ್ದಳು.

ನಮ್ಮ ರಾಜ್ಯದ ನೇಮಕಾತಿಯಲ್ಲಿ ಇವರಿಗೆ ಶೇಕಡಾ ಒಂದರ ಮೀಸಲಾತಿ ಇದೆ. ಆ ದಾರಿಯಲ್ಲಿ ಪೊಲೀಸಿಗೆ ಸೇರಲು ಮಾಳವ್ವ ಈಗ ತಯಾರಿ ನಡೆಸಿದ್ದಾಳೆ. ಇನ್ನೂ ಆಗಿಲ್ಲ, ಆಗುತ್ತದೋ ಇಲ್ಲವೋ ನಾನು ಹೇಳಲಾರೆ. ಅಲ್ಲಿಯವರೆಗೆ ಮೈದಾನದಲ್ಲಿ ಹೊಸಬರ ಜೋಡಿ ಕಟ್ಟುವ ಕೆಲಸ ಅವಳದು. ನನಗಿಂತ ಚೆನ್ನಾಗಿ ಕಟ್ಟುತ್ತಾಳೆ, ಬೈಯುವುದು ಮಾತ್ರ ನನ್ನಷ್ಟು ಬರುವುದಿಲ್ಲ.

ಸೇನೆಯಲ್ಲಿ ಇವರಿರಬೇಕೇ ಎಂದು ಈಗ ಯಾರಾದರೂ ಕೇಳಿದರೆ, ಬ್ಯಾರಕ್ಕು, ಬಚ್ಚಲು, ಮಾತ್ರೆ ಎಲ್ಲವನ್ನೂ ಕೂತು ಮಾತಾಡೋಣ ಎನ್ನುತ್ತೇನೆ. ಅವು ಬಗೆಹರಿಸಬೇಕಾದ ಕೆಲಸಗಳು. ಆದರೆ ಮೊದಲ ಪ್ರಶ್ನೆ ಅವಲ್ಲ. ಅದನ್ನು ನನಗೆ ಕಲಿಸಿದ್ದು ಗಬ್ಬೂರಿನ ಒಬ್ಬ ಕುರಿಗಾರ, ತಾನು ಏನು ಹೇಳುತ್ತಿದ್ದೇನೆಂದು ತನಗೇ ತಿಳಿಯದೆ.

ಅಮರೇಶ ಮೊದಲ ರಜೆಗೆ ಬಂದಾಗ ರೈಲಿಳಿದವನು ಊರಿಗೆ ಹೋಗದೆ ಸೀದಾ ಮೈದಾನಕ್ಕೆ ಬಂದ. ನನಗೆ ಸೆಲ್ಯೂಟ್ ಹೊಡೆದ. ತನ್ನ ಹೊಸ ಜೋಡಿದಾರ ಪಂಜಾಬಿನವನು, ಬಹಳ ಒಳ್ಳೆಯವನು ಎಂದ.

"ನಿದ್ದಿ ಬರ್ತದೇನು?" ಎಂದೆ.

"ಈಗ ಬರ್ತದ್ರಿ. ಹತ್ತಾಕ ಒಂದು ತಿಂಗಳು ಬೇಕಾತು" ಎಂದು ಸುತ್ತ ನೋಡಿದ. ಮಾಳವ್ವ ಬೀಮಿನ ಆಚೆ, ಗೇಟಿಗೆ ಬೆನ್ನು ಹಾಕಿ, ಹಿಂದಿನ ಜಾಲಿ ಪೊದೆಗಳತ್ತ ಮುಖ ಮಾಡಿ ಕೂತಿದ್ದಳು. ಅಮರೇಶ ಹೋಗಿ ಅವಳ ಪಕ್ಕದಲ್ಲಿ ಚೀಲ ಇಳಿಸಿದ, ಬೂಟು ಬಿಚ್ಚಿದ, ಎರಡು ದಿನದ ಪ್ರಯಾಣದ ದಣಿವಿನಲ್ಲಿ ಅಲ್ಲೇ ನೆಲದ ಮೇಲೆ ಮೈಚಾಚಿದ. ನಾನು ನೀರು ತರಿಸುವುದರೊಳಗೆ ಗೊರಕೆ ಶುರುವಾಗಿತ್ತು. ಆ ಚೀಲ ಕದಿಯಲು ನಾನು ಹೋಗಲಿಲ್ಲ.