ಅವ್ವನ ಮಾಲ್ಟ್, ನಮ್ಮ ಮಾಲ್ಟ್

ಗೆಳೆಯರೇ, ಇವತ್ತು ಸಂಜೆ ಸ್ನೇಹಿತ ಬಸು ಗೋಕುಲ ರಸ್ತೆಯ ನಮ್ಮ ಮನೆಗೆ ಸ್ಕಾಟ್ಲೆಂಡಿನ ಹೊಸ ಡಿಸ್ಟಿಲರಿಯೊಂದರ ವಿಸ್ಕಿ ತಂದಿದ್ದ. ಪೀಪಾಯಿಯಲ್ಲಿ ಬರೀ ಮೂರು ವರ್ಷ ಮಾಗಿದ, ಬಾರ್ಲಿಯ ಸಿಂಗಲ್ ಮಾಲ್ಟ್.

"ಇನ್ನೂ ಎಳೇದೈತಿ, ಆದ್ರ ನಮ್ಮ ಧಾರವಾಡದ ಪೇರಲಹಣ್ಣಿನ ವಾಸನಿ ಐತಲೇ," ಎಂದು ಅವನು ಗ್ಲಾಸು ಮೂಸುತ್ತಿರುವಾಗಲೇ ಅವ್ವ ಬಂದಳು. ಲಿಂಗಪೂಜೆ ಮಾಡದೆ ನೀರೂ ಮುಟ್ಟದವಳು.

"ಏನಪಾ ಅದು?"

"ಮಾಲ್ಟ್ ಬೇ, ಸಿಂಗಲ್ ಮಾಲ್ಟ್," ಎಂದೆ. ಸುಳ್ಳಂತೂ ಅಲ್ಲ.

"ಸಿಂಗಲ್ ಯಾಕ, ಡಬಲ್ ಕುಡೀರಿ," ಎಂದು ಒಳಗೆ ಹೋದಳು. ರಾಗಿ ಮಾಲ್ಟ್ ಅಂದುಕೊಂಡಳೆಂದು ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು.

ಸ್ವಲ್ಪ ಹೊತ್ತಿನಲ್ಲೇ ಎರಡು ಲೋಟ ಬಿಸಿ ರಾಗಿ ಮಾಲ್ಟ್ ತಂದಿಟ್ಟಳು.

"ಮೊದ್ಲ ನಂದು ಕುಡೀರಿ. ಖಾಲಿ ಹೊಟ್ಟ್ಯಾಗ ನಿಮ್ದು ಬ್ಯಾಡ, ಉರೀತೈತಿ."

ಕುಡಿದೆವು. ಬಾಟಲಿಗೆ ಮುಚ್ಚಳ ಹಾಕಿಟ್ಟಿದ್ದೇನೆ. ಪಾಪ, ಎಳೆಯದು, ಇನ್ನಷ್ಟು ಬೆಳೆಯಲಿ.